ತೋಟದ ಅಂಚು ಬಿಡಿಸಿದ ಸಂತ

ದೇವರು ಮನುಷ್ಯನಿಗೆ ಭೂಮಿಯ ಮೇಲೆ ಅಧಿಕಾರ ಕೊಟ್ಟರೆಂದು ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಓದುತ್ತೀರಿ. ಎರಡನೆಯ ಅಧ್ಯಾಯದಲ್ಲಿ ಅದೇ ಮನುಷ್ಯನಿಗೆ ತೋಟದ ದುಡಿಮೆಯೂ ಕಾವಲೂ ವಹಿಸಲಾಗಿದೆ. ಎಷ್ಟೋ ಜನ ಮೊದಲನೆಯದರಲ್ಲೇ ನಿಂತುಬಿಡುತ್ತಾರೆ. ಅಸ್ಸಿಸಿಯ ಸಂತ ಫ್ರಾನ್ಸಿಸರು ನಿಲ್ಲಲಿಲ್ಲ.

ಬಟ್ಟೆ ವ್ಯಾಪಾರಿಯ ಮಗ. ತಂದೆಯ ಆಸ್ತಿಯನ್ನು, ಮೈಮೇಲಿನ ಉಡುಪನ್ನೂ ಧರ್ಮಾಧ್ಯಕ್ಷರ ಎದುರಲ್ಲೇ ಬಿಟ್ಟುಕೊಟ್ಟು ಹೊರಟವರು. ಹಕ್ಕಿಗಳಿಗೆ ಬೋಧಿಸಿದ ಕಥೆ ನಿಮಗೆ ಗೊತ್ತೇ ಇದೆ, ಅದಿರಲಿ. ಅವರ ಮೊದಲ ಚರಿತ್ರೆಕಾರರಾದ ಚೆಲಾನೊದ ತೋಮಾಸರು ಬರೆದಿಟ್ಟ ಒಂದು ಸಣ್ಣ ಸಂಗತಿ ನಮಗೆ ಹೆಚ್ಚು ಉಪಯೋಗಕ್ಕೆ ಬರುವಂಥದು. ಸೌದೆ ಕಡಿಯುವ ಸಹೋದರರಿಗೆ, ಮರವನ್ನು ಪೂರ್ತಿ ಕಡಿಯದೆ ಮತ್ತೆ ಚಿಗುರುವಷ್ಟು ಉಳಿಸಿ ಎನ್ನುತ್ತಿದ್ದರಂತೆ. ತೋಟ ನೋಡಿಕೊಳ್ಳುವವರಿಗೆ, ಸುತ್ತಲಿನ ಅಂಚನ್ನು ಅಗೆಯದೆ ಹುಲ್ಲಿಗೂ ಹೂವಿಗೂ ಬಿಡಲು ಹೇಳುತ್ತಿದ್ದರು. ಗಮನಿಸಿ, ಸೌದೆ ಬೇಡವೆನ್ನಲಿಲ್ಲ, ತರಕಾರಿ ಬೇಡವೆನ್ನಲಿಲ್ಲ. ಅಡುಗೆಯೂ ಆಗಬೇಕಲ್ಲ!

1979ರಲ್ಲಿ ಪೋಪ್ ಎರಡನೇ ಜಾನ್ ಪಾಲರು ಅವರನ್ನು ಪರಿಸರ ಕಾಯುವವರ ಪಾಲಕ ಸಂತರೆಂದು ಸಾರಿದರು.

ಫ್ರಾನ್ಸಿಸರು ಕಣ್ಣು ಮಂಜಾಗಿ ನರಳುತ್ತಿದ್ದಾಗಲೇ ಸೂರ್ಯನನ್ನು ಸಹೋದರನೆಂದೂ ಭೂಮಿಯನ್ನು ಸಹೋದರಿ, ತಾಯಿ ಎಂದೂ ಕರೆದು ಹಾಡು ಕಟ್ಟಿದರು. 1226ರ ಅಕ್ಟೋಬರ್ 3ರಂದು ಅವರು ತೀರಿಕೊಂಡರು. ಅದಕ್ಕೂ ಮುಂಚೆ ತಮ್ಮನ್ನು ಬರಿನೆಲದ ಮೇಲೆ ಮಲಗಿಸುವಂತೆ ಸಹೋದರರನ್ನು ಕೇಳಿಕೊಂಡಿದ್ದರು.