ಮೋಲ್ಟ್ಕೆಯ ವೇಳಾಪಟ್ಟಿ: ಮೊದಲ ಮಹಾಯುದ್ಧದ ಪಾಠಕ್ಕೊಂದು ಜೀವನಕಥೆ

ಮೈತ್ರಿಕೂಟ, ತಟಸ್ಥತೆ, ಸೇನಾ ಸಜ್ಜುಗೊಳಿಕೆ, ಕಂದಕ ಯುದ್ಧ. ಮೊದಲ ಮಹಾಯುದ್ಧದ ಪಾಠದಲ್ಲಿ ಈ ಪದಗಳು ಕಪ್ಪುಹಲಗೆಯ ಮೇಲಿನ ವ್ಯಾಖ್ಯೆಗಳಾಗಿಯೇ ಉಳಿದುಬಿಡುವುದುಂಟು. ಅವೆಲ್ಲ ಒಬ್ಬನ ಬದುಕಿನಲ್ಲಿ ಹೇಗೆ ಹೆಣೆದುಕೊಂಡವು ಎಂಬುದನ್ನು ಜರ್ಮನಿಯ ಸೇನಾನಿ ಹೆಲ್ಮುಟ್ ಫಾನ್ ಮೋಲ್ಟ್ಕೆಯ ಜೀವನ ತೋರಿಸುತ್ತದೆ.

ಮೋಲ್ಟ್ಕೆ ಹುಟ್ಟಿದ್ದು 1848ರಲ್ಲಿ. ಅವನ ದೊಡ್ಡಪ್ಪನದೂ ಅದೇ ಹೆಸರು. 1870-71ರಲ್ಲಿ ಫ್ರಾನ್ಸನ್ನು ಸೋಲಿಸಿದ ಸೇನೆಯ ಸೂತ್ರಧಾರ ಆತನೇ. ಆ ಯುದ್ಧದಲ್ಲಿ ಹೋರಾಡಿದ ಕಿರಿಯ ಮೋಲ್ಟ್ಕೆ ಮುಂದೆ ದೊಡ್ಡಪ್ಪನ ಸಹಾಯಕ ಅಧಿಕಾರಿಯಾದ. 1906ರಲ್ಲಿ ಷ್ಲೀಫೆನ್ ನಿವೃತ್ತನಾದಾಗ ಜರ್ಮನ್ ಸೇನೆಯ ಮುಖ್ಯಸ್ಥನಾದ.

ಹುದ್ದೆಯ ಜೊತೆಗೆ ಒಂದು ಸಮಸ್ಯೆಯೂ ಬಂತು. 1894ರಿಂದ ಫ್ರಾನ್ಸ್ ಮತ್ತು ರಷ್ಯಾ ಮಿತ್ರರಾಷ್ಟ್ರಗಳು. ಯುದ್ಧವಾದರೆ ಜರ್ಮನಿ ಎರಡು ರಂಗಗಳಲ್ಲಿ ಕಾದಬೇಕು. ವಿಶಾಲವಾದ ರಷ್ಯಾ ತನ್ನ ಸೇನೆಯನ್ನು ಒಟ್ಟುಗೂಡಿಸುವಷ್ಟರಲ್ಲಿ ಬೆಲ್ಜಿಯಂ ಮೂಲಕ ನುಗ್ಗಿ ಫ್ರಾನ್ಸನ್ನು ಮಣಿಸಬೇಕೆಂಬುದು ಷ್ಲೀಫೆನ್ ಬಿಟ್ಟುಹೋದ ಚಿಂತನೆ. ಮೋಲ್ಟ್ಕೆ ಅದನ್ನು ಬದಲಿಸಿಕೊಂಡು ಮುಂದುವರಿಸಿದ. 1913ರಲ್ಲಿ ಪೂರ್ವದ ಕಡೆಗೆ ಮೊದಲು ಹೊರಡುವ ಪರ್ಯಾಯ ಯೋಜನೆಯನ್ನು ಕೈಬಿಡಲಾಯಿತು. ಉಳಿದದ್ದು ಒಂದೇ ದಾರಿ, ಒಂದೇ ರೈಲು ವೇಳಾಪಟ್ಟಿ.

1914ರ ಆಗಸ್ಟ್ 1ರ ಸಂಜೆ ಆ ಆಯ್ಕೆಯ ಬೆಲೆ ಗೊತ್ತಾಯಿತು. ಬ್ರಿಟನ್ ಮತ್ತು ಫ್ರಾನ್ಸ್ ತಟಸ್ಥವಾಗಿ ಉಳಿಯಬಹುದೆಂಬ ಸೂಚನೆ ಲಂಡನ್ನಿನ ರಾಯಭಾರಿಯಿಂದ ಬಂತು. ಹಿಗ್ಗಿದ ಕೈಸರ್ ಎರಡನೇ ವಿಲಿಯಂ ಇಡೀ ಸೇನೆಯನ್ನು ರಷ್ಯಾದ ಕಡೆಗೆ ತಿರುಗಿಸಲು ಹೇಳಿದ. ಹಾಗೆ ಮಾಡಿದರೆ ಗಡಿ ತಲುಪುವುದು ಸೇನೆಯಲ್ಲ, ಅಸ್ತವ್ಯಸ್ತ ಗುಂಪು ಎಂದು ಮೋಲ್ಟ್ಕೆ ಒಪ್ಪಲಿಲ್ಲ. ರಾತ್ರಿಯ ಹೊತ್ತಿಗೆ ಆ ಸೂಚನೆ ತಪ್ಪು ತಿಳಿವಳಿಕೆಯೆಂದು ಖಚಿತವಾಯಿತು. ಸೇನೆ ಪಶ್ಚಿಮಕ್ಕೇ ಹೊರಟಿತು.

1839ರ ಒಪ್ಪಂದದಂತೆ ಬೆಲ್ಜಿಯಂ ತಟಸ್ಥ ರಾಷ್ಟ್ರ. ಆಗಸ್ಟ್ 4ರಂದು ಜರ್ಮನ್ ಸೇನೆ ಅದರ ಗಡಿ ದಾಟಿತು. ಅಂದೇ ಬ್ರಿಟನ್ ಯುದ್ಧಕ್ಕಿಳಿಯಿತು. ರಷ್ಯಾ ಎಣಿಸಿದ್ದಕ್ಕಿಂತ ಬೇಗ ಪೂರ್ವ ಪ್ರಷ್ಯಾಕ್ಕೆ ನುಗ್ಗಿದಾಗ ಮೋಲ್ಟ್ಕೆ ಪಶ್ಚಿಮದಿಂದ ಎರಡು ಸೇನಾದಳಗಳನ್ನು ಅತ್ತ ಕಳಿಸಿದ. ಅವು ತಲುಪುವ ಮೊದಲೇ ಟ್ಯಾನೆನ್‌ಬರ್ಗ್ ಕದನದ ಫಲ ನಿರ್ಧಾರವಾಗಿತ್ತು. ಸೆಪ್ಟೆಂಬರ್‌ನಲ್ಲಿ ಮಾರ್ನ್ ನದಿಯ ಬಳಿ ಜರ್ಮನ್ ಸೇನೆ ಹಿಮ್ಮೆಟ್ಟಿ ಏನ್ ನದಿಯ ದಡದಲ್ಲಿ ಕಂದಕ ತೋಡಿತು. ಕೆಲವೇ ವಾರಗಳಲ್ಲಿ ಮುಗಿಯಬೇಕಿದ್ದ ಯುದ್ಧ ಅಲ್ಲೇ ಹೂತುಕೊಂಡಿತು. ಸೆಪ್ಟೆಂಬರ್ 14ರಂದು ಮೋಲ್ಟ್ಕೆಯ ಸ್ಥಾನಕ್ಕೆ ಫಾಲ್ಕೆನ್‌ಹೈನ್ ಬಂದ. ಆರೋಗ್ಯ, ಆತ್ಮವಿಶ್ವಾಸ ಎರಡನ್ನೂ ಕಳೆದುಕೊಂಡಿದ್ದ ಮೋಲ್ಟ್ಕೆ 1916ರ ಜೂನ್‌ನಲ್ಲಿ ಬರ್ಲಿನ್ನಿನಲ್ಲಿ ತೀರಿಕೊಂಡ.

ಈ ಕಥೆ ಕೇಳಿದ ಮಕ್ಕಳು ಯುದ್ಧಕ್ಕೆ ರೈಲು ವೇಳಾಪಟ್ಟಿಯೇ ಕಾರಣವೆಂದು ತೀರ್ಮಾನಿಸಿಬಿಡುವ ಅಪಾಯವಿದೆ. ಅದನ್ನು ಶಿಕ್ಷಕರು ತಡೆಯಬೇಕು. 1912ರ ಡಿಸೆಂಬರ್‌ನಲ್ಲೇ ಯುದ್ಧ ಬೇಗ ಆದಷ್ಟೂ ಒಳ್ಳೆಯದೆಂದು ಕೈಸರನ ಮುಂದೆ ವಾದಿಸಿದವನು ಇದೇ ಮೋಲ್ಟ್ಕೆ. ಪರ್ಯಾಯ ದಾರಿಯನ್ನು ಮುಚ್ಚಿದವರು ಮನುಷ್ಯರೇ.

ಅಭ್ಯಾಸ ಪಾಠದಲ್ಲಿ ಪ್ರಶಿಕ್ಷಣಾರ್ಥಿಗಳು ಕಥೆಯನ್ನು ಆಗಸ್ಟ್ 1ರ ಸಂಜೆಗೆ ನಿಲ್ಲಿಸಿ, ಕೈಸರ್ ಈಗ ಏನು ಮಾಡಬಹುದಿತ್ತು, ಮೋಲ್ಟ್ಕೆ ಒಂದು ವರ್ಷ ಮೊದಲು ಏನು ಮಾಡಬಹುದಿತ್ತು ಎಂದು ಕೇಳಲಿ. ಮಕ್ಕಳು ಚರ್ಚಿಸಲಿ. ವ್ಯಾಖ್ಯೆ ಕಪ್ಪುಹಲಗೆಗೆ ಬರುವುದು ಆಮೇಲೆ. ರಾಜಕೀಯ ನಿರ್ಧಾರ ಎಲ್ಲಿ ಮುಗಿದು ಸೇನಾ ಯೋಜನೆ ಎಲ್ಲಿ ಶುರುವಾಗಬೇಕು ಎಂಬ ಪ್ರಶ್ನೆಯನ್ನು ಅವರು ಆಗ ತಾವಾಗಿಯೇ ಎತ್ತುತ್ತಾರೆ.