ದೇಶಕ್ಕೆ ಧಾನ್ಯ ಕೊಂಡ ನಮ್ಮ ಕಡೆಯವರು: ದಿ| ಟಿ.ಎ. ಪೈ

ಬೆಳ್ಳಿಹಬ್ಬದ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಹೇಳಿದಾಗ ಮೊದಲು ಹಿಂದೆ ಸರಿದೆ. ಎಸ್.ಎಸ್.ಎಲ್.ಸಿ. ಓದಿ ಗದ್ದೆ, ಹಟ್ಟಿ ಎಂದು ಇರುವವನು ನಾನು. ಬರವಣಿಗೆ ನಮ್ಮ ಕೆಲಸ ಅಲ್ಲ. ಆದರೆ ನಿರ್ದೇಶಕನಾದ ಮೇಲೆ ನಮ್ಮ ಹಾಲಿನ ಸಂಘದ ಖರೀದಿಯ ಜವಾಬ್ದಾರಿ ನನ್ನ ತಲೆ ಮೇಲೆ ಬಂತು. ಹಿಂಡಿ, ಕ್ಯಾನು, ತೂಕದ ಯಂತ್ರದಿಂದ ಹಿಡಿದು ರಶೀದಿ ಪುಸ್ತಕದ ತನಕ. ಸ್ವಂತ ಕಿಸೆಯ ಹಣದಲ್ಲಿ ದನ ಕೊಳ್ಳುವುದು ಸುಲಭ, ಮೋಸ ಹೋದರೆ ನಮ್ಮದೇ ಹೋಗುತ್ತದೆ. ಹತ್ತು ಜನರ ಹಣದಲ್ಲಿ ಕೊಳ್ಳುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಹಾಗಾಗಿ ಇಡೀ ದೇಶದ ಪರವಾಗಿ ಭತ್ತ, ಗೋಧಿ ಕೊಳ್ಳುವ ಸಂಸ್ಥೆಗೆ ಮೊದಲ ಅಧ್ಯಕ್ಷರಾಗಿದ್ದ ನಮ್ಮ ಉಡುಪಿ ಕಡೆಯ ದಿವಂಗತ ಟಿ.ಎ. ಪೈಯವರ ವಿಷಯ ಬರೆಯುತ್ತೇನೆ. ಅವರು ತೀರಿಕೊಂಡ ಮೇಲೆ ಹುಟ್ಟಿದವನು ನಾನು. ಓದಿ, ಹಿರಿಯರಿಂದ ಕೇಳಿ ತಿಳಿದದ್ದು ಇದು.

ತೋನ್ಸೆ ಅನಂತ ಪೈಯವರು ಹುಟ್ಟಿದ್ದು 1922ರ ಜನವರಿ 17ರಂದು. ತಂದೆ ಉಪೇಂದ್ರ ಪೈ. ಈ ಉಪೇಂದ್ರ ಪೈ, ಅವರ ತಮ್ಮ ಡಾ| ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವ ಎಂಬ ಮೂವರು ಸೇರಿ 1925ರಲ್ಲಿ ಉಡುಪಿಯಲ್ಲಿ 8000 ರೂಪಾಯಿ ಬಂಡವಾಳ ಹಾಕಿ ಬ್ಯಾಂಕು ತೆರೆದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು. 1928ರಲ್ಲಿ ಪಿಗ್ಮಿ ಬಂತು. ದಿನಕ್ಕೆ ಎರಡಾಣೆ, ಅದೂ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುವುದು. ಇದನ್ನು ಯಾಕೆ ಹೇಳಿದೆ ಅಂದರೆ, ಎರಡಾಣೆಗೂ ಲೆಕ್ಕ ಇಡುವ ಮನೆಯಲ್ಲಿ ಬೆಳೆದ ಹುಡುಗ ಇವರು. ಬೊಂಬಾಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ವಾಣಿಜ್ಯ ಓದಿ ಬಂದು ಬ್ಯಾಂಕಿಗೆ ಸೇರಿದರು, ಇಪ್ಪತ್ತರ ಹರೆಯದಲ್ಲೇ ಜನರಲ್ ಮ್ಯಾನೇಜರ್ ಆದರು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. 1964ರ ಹೊತ್ತಿಗೆ ದೇಶದಲ್ಲಿ ಅಕ್ಕಿಗೆ, ಗೋಧಿಗೆ ತತ್ವಾರ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಪ್ರಧಾನಿ, ಸಿ. ಸುಬ್ರಹ್ಮಣ್ಯಂ ಆಹಾರ ಮಂತ್ರಿ. ಕೊಯ್ಲಿನ ಸಮಯದಲ್ಲಿ ರೈತನ ಭತ್ತಕ್ಕೆ ಬೆಲೆ ಇಲ್ಲ, ಆಟಿಯಲ್ಲಿ ಅದೇ ಅಕ್ಕಿ ಕೊಳ್ಳಲು ಹೋದರೆ ಕೈಗೆ ಎಟುಕುವುದಿಲ್ಲ. ನಡುವಿನ ಲಾಭ ದಾಸ್ತಾನು ಇಟ್ಟವನಿಗೆ. ಇದನ್ನು ಸರಿಮಾಡಲು ಸರಕಾರವೇ ಒಬ್ಬ ದೊಡ್ಡ ಗಿರಾಕಿಯಾಗಿ ಪೇಟೆಗೆ ಇಳಿಯಬೇಕು ಎಂದು ಕಾನೂನು ಮಾಡಿ, 1965ರ ಜನವರಿ 14ರಂದು ಭಾರತ ಆಹಾರ ನಿಗಮವನ್ನು ಶುರುಮಾಡಿದರು. ಅದರ ಮೊದಲ ಜಿಲ್ಲಾ ಕಚೇರಿ ಭತ್ತದ ನಾಡಾದ ತಂಜಾವೂರಿನಲ್ಲಿ. ಮೊದಲ ಅಧ್ಯಕ್ಷರಾಗಿ ಕುಳಿತವರು ನಮ್ಮ ಪೈಗಳು. ವಯಸ್ಸು ಆಗ 43ರ ಆಸುಪಾಸು.

ಬ್ಯಾಂಕಿನವರನ್ನು ಯಾಕೆ ತಂದು ಭತ್ತದ ರಾಶಿ ಎದುರು ಕೂರಿಸಿದರು ಎಂದು ನಾನು ಯೋಚಿಸಿದ್ದುಂಟು. ಖರೀದಿ ಅಂದರೆ ಬರೇ ಕೊಳ್ಳುವುದಲ್ಲ ಮಾರಾಯ್ರೆ. ಕೊಯ್ಲಿಗೆ ಮೊದಲೇ ಬೆಲೆ ಗೊತ್ತಿರಬೇಕು. ಅದೇ ಜನವರಿಯಲ್ಲಿ ಬೆಲೆ ಹೇಳಲಿಕ್ಕೆಂದೇ ಕೃಷಿ ಬೆಲೆ ಆಯೋಗ ಬೇರೆ ಆಯಿತು. ಮತ್ತೆ ಗೋಣಿಚೀಲ ಬೇಕು, ತೇವ ನೋಡಬೇಕು, ರೈತನ ಕಣ್ಣೆದುರು ತೂಗಬೇಕು, ಗೋದಾಮು ಬೇಕು, ಇಲಿ ಹುಳ ತಿನ್ನದ ಹಾಗೆ ಕಾಯಬೇಕು, ಸಾಗಿಸಲು ರೈಲು ವ್ಯಾಗನ್ ಬೇಕು. ಇಷ್ಟಕ್ಕೂ ಮೊದಲು ಬಡ್ಡಿಯ ಹಣ ಹೂಡಬೇಕು. ಅಕ್ಕಿ ಪಡಿತರದಲ್ಲಿ ಮಾರಿ ಹಣ ಬರುವುದು ಯಾವಾಗಲೋ, ರೈತನಿಗೆ ಹಣ ಬೇಕಾದದ್ದು ಈಗ. ಈ ಲೆಕ್ಕ ಬ್ಯಾಂಕಿನವನಿಗೆ ಗೊತ್ತು. ನಮ್ಮ ಸಂಘದಲ್ಲಿ ದಿನಕ್ಕೆರಡು ಸಲ ನಡೆಯುವುದೂ ಇದೇ ಅಲ್ಲವೇ? ಅಳತೆ, ಫ್ಯಾಟು, ದರಪಟ್ಟಿ, ಬಟವಾಡೆ. ಬಟವಾಡೆ ಎರಡು ದಿನ ತಡವಾದರೆ ಹಾಲು ಹೋಟೆಲಿಗೆ ಹೋಗುತ್ತದೆ.

ಅವರು ಅಧ್ಯಕ್ಷರಾದ ವರ್ಷವೇ ಮಳೆ ಕೈಕೊಟ್ಟಿತು, ಮರುವರ್ಷವೂ ಬರ. 1966ರಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯ ಹೊರದೇಶದಿಂದ ಹಡಗಿನಲ್ಲಿ ಬಂತು, ಹೆಚ್ಚಿನದ್ದು ಅಮೇರಿಕದ ಗೋಧಿ. ಅಂಥಾ ಹೊತ್ತಿನಲ್ಲಿ ಹೊಸ ಸಂಸ್ಥೆಗೆ ಬುನಾದಿ ಹಾಕಿದ್ದು. ಮುಂದೆ ಪಂಜಾಬಿನವರು ಹೊಸ ತಳಿಯ ಗೋಧಿ ಧೈರ್ಯವಾಗಿ ಬಿತ್ತಿದ್ದು, ಬೆಳೆದದ್ದನ್ನು ಹೇಳಿದ ಬೆಲೆಗೆ ಕೊಳ್ಳುವವರು ಇದ್ದಾರೆ ಎಂಬ ಭರವಸೆಯಿಂದಲೂ ಹೌದು. ನಮ್ಮ ಕರಾವಳಿಗೆ ಇದರ ಉಪಕಾರ ಅಷ್ಟು ಆಗಲಿಲ್ಲ ಎನ್ನಬೇಕು. ನಮ್ಮ ಏಣೇಲು ಬೆಳೆ ಅಕ್ಟೋಬರದಲ್ಲಿ ಕೊಯ್ಲು. ಕಟಾವಿನ ಯಂತ್ರದಿಂದ ಇಳಿದ ಹಸಿ ಭತ್ತ ಅಂದೇ ಮಿಲ್ಲಿಗೆ ಹೋಗುತ್ತದೆ, ಇಡಲು ಜಾಗ ಎಲ್ಲಿ? ಖರೀದಿ ಕೇಂದ್ರ ತೆರೆಯುವಾಗ ನಮ್ಮ ಅಂಗಳ ಖಾಲಿ. ಒಂದು ವರ್ಷ ನಾನೂ ಹಾಗೇ ಮಾರಿ ಕೈ ಸುಟ್ಟುಕೊಂಡೆ.

ನಿಗಮದಿಂದ ಪೈಗಳು ಬ್ಯಾಂಕಿಗೆ ಮರಳಿದರು. ರೈತರಿಗೆ ಸಾಲ ಕೊಡುವುದರಲ್ಲಿ ಸಿಂಡಿಕೇಟ್ ಬ್ಯಾಂಕ್ ಹೆಸರು ಮಾಡಿತು. 1969ರಲ್ಲಿ ರಾಷ್ಟ್ರೀಕರಣ ಆಯಿತು. ಆಮೇಲೆ ಜೀವ ವಿಮಾ ನಿಗಮದ ಅಧ್ಯಕ್ಷತೆ, 1972ರಲ್ಲಿ ಪದ್ಮಭೂಷಣ, ಅದೇ ವರ್ಷ ಕೇಂದ್ರದಲ್ಲಿ ರೈಲ್ವೆ ಮಂತ್ರಿ. ಮುಂದೆ ಭಾರೀ ಕೈಗಾರಿಕೆ, ಕೈಗಾರಿಕೆ ಮತ್ತು ನಾಗರಿಕ ಪೂರೈಕೆ ಖಾತೆಗಳು. ಊರಿನ ಹಾಲನ್ನೂ ಮರೆಯಲಿಲ್ಲ. ಎಪ್ಪತ್ತರ ದಶಕದಲ್ಲಿ ಮಣಿಪಾಲದಲ್ಲಿ ಕಟ್ಟಿದ ಕೆನರಾ ಮಿಲ್ಕ್ ಯೂನಿಯನ್ನಿಗೆ ಮುಂದೆ ನಿಂತವರು ಅವರೇ. ಹಳಬರು ಈಗಲೂ ಕೆಮುಲ್ ಎನ್ನುತ್ತಾರೆ.

ಮಂತ್ರಿಯಾಗಿದ್ದಾಗಿನ ಒಂದು ಪ್ರಸಂಗ ಮಾತ್ರ ಬಿಡುವ ಹಾಗಿಲ್ಲ. ಪ್ರಧಾನಿ ಇಂದಿರಾ ಗಾಂಧಿಯವರ ಮಗ ಸಂಜಯ ಗಾಂಧಿಯವರ ಮಾರುತಿ ಕಾರು ಕಂಪೆನಿಗೆ ಅನುಮತಿ ಕೊಡುವಾಗ ವಿದೇಶಿ ಯಂತ್ರ ತರಬಾರದು ಎಂಬ ಷರತ್ತು ಇತ್ತು. 1975ರಲ್ಲಿ, ಇನ್ನೂ ತುರ್ತು ಪರಿಸ್ಥಿತಿ ಬರುವ ಮೊದಲು, ಆ ಯಂತ್ರಗಳ ಬಗ್ಗೆ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಬಂತು. ಉತ್ತರ ಕೊಡಬೇಕಲ್ಲ, ಅದಕ್ಕೆ ಮಾಹಿತಿ ಕೂಡಿಸಲು ಹೊರಟ ನಾಲ್ವರು ಅಧಿಕಾರಿಗಳು ತೊಂದರೆಗೆ ಸಿಕ್ಕಿದರು, ಸಿ.ಬಿ.ಐ. ಬೆನ್ನು ಹತ್ತಿತು. ಅವರಲ್ಲಿ ಇಬ್ಬರು ಪೈಗಳ ಕೈಕೆಳಗಿನ ಇಲಾಖೆಯವರು. ತಪ್ಪು ಏನು ಕೇಳಿದರೆ, ಯಂತ್ರ ಎಲ್ಲಿಂದ ಕೊಂಡದ್ದು ಎಂದು ವಿಚಾರಿಸಿದ್ದು. ಪೈಗಳಿಗೆ ಅವರನ್ನು ಉಳಿಸಿಕೊಳ್ಳಲು ಆಗಲಿಲ್ಲ. ಕುರ್ಚಿಯನ್ನೂ ಬಿಡಲಿಲ್ಲ, 1977ರ ತನಕ ಮಂತ್ರಿಯಾಗಿಯೇ ಇದ್ದರು. ಇದು ನನಗೆ ಸ್ವಲ್ಪ ಚುಚ್ಚುತ್ತದೆ. ಆದರೆ 1977ರಲ್ಲಿ ಷಾ ಆಯೋಗ ಕುಳಿತಾಗ, ಉಡುಪಿಯಿಂದ ಕಾಂಗ್ರೆಸ್ಸಿನಿಂದಲೇ ಗೆದ್ದ ಲೋಕಸಭಾ ಸದಸ್ಯರಾಗಿದ್ದೂ, ಆಯೋಗದ ಎದುರು ಬಂದು ಪ್ರಧಾನಿಯವರು ತನ್ನ ಅಧಿಕಾರಿಗಳ ಮೇಲೆ ಹೇಗೆ ಸಿಟ್ಟಾಗಿದ್ದರು ಎಂಬುದನ್ನು ಹೇಳಿದರು. ಸುಮ್ಮನಿರಬಹುದಿತ್ತು, ಇರಲಿಲ್ಲ.

ಇದನ್ನು ಓದುವಾಗ ನನಗೆ ನಮ್ಮದೇ ಒಂದು ಮಹಾಸಭೆ ನೆನಪಾಯಿತು. ಸಂಘಕ್ಕೆ ತಂದ ತೂಕದ ಯಂತ್ರಕ್ಕೆ ಎಷ್ಟು ಕಡೆ ದರ ಕೇಳಿದ್ದೀರಿ ಎಂದು ಹಿಂದಿನ ಸಾಲಿನಿಂದ ಒಬ್ಬರು ಅಕ್ಕ ಎದ್ದು ಕೇಳಿದರು. ಕೇಳಿದ್ದು ಒಂದೇ ಕಡೆ. ಗುರುತಿನವರ ಅಂಗಡಿ, ಬೇಗ ಸಿಗುತ್ತದೆ ಎಂದು ತಂದದ್ದು, ಒಂದು ಪೈಸೆ ತಿಂದದ್ದಿಲ್ಲ. ಆದರೂ ನನಗೆ ಸಿಟ್ಟು ನೆತ್ತಿಗೇರಿತು. ದಿನಕ್ಕೆ ಎರಡು ಲೀಟರು ಹಾಕುವವರಿಗೆ ಇದೆಲ್ಲ ಯಾಕೆ ಎಂದುಬಿಟ್ಟೆ. ಆ ಅಕ್ಕ ಕೂತರು. ಮತ್ತೆ ಎರಡು ವರ್ಷ ಯಾವ ಸಭೆಯಲ್ಲಿಯೂ ಬಾಯಿ ಬಿಡಲಿಲ್ಲ, ಹಾಲು ಮಾತ್ರ ತಪ್ಪದೆ ತಂದರು. ಕಳೆದ ವರ್ಷ ಅವರ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬಂದೆ. ಈಗ ಸಾವಿರ ರೂಪಾಯಿ ಮೇಲಿನ ಯಾವ ಖರೀದಿಗೂ ಮೂರು ದರಪಟ್ಟಿ ತರಿಸುತ್ತೇವೆ, ಮೂರನ್ನೂ ಬಿಲ್ಲಿನ ಜೊತೆ ಹಾಲು ಅಳೆಯುವ ಕೋಣೆಯ ಗೋಡೆಗೆ ಅಂಟಿಸುತ್ತೇವೆ.

ಪೈಗಳು 1981ರ ಮೇ 29ರಂದು, 59ನೇ ವಯಸ್ಸಿನಲ್ಲಿ ತೀರಿಕೊಂಡರು. ಮಣಿಪಾಲದಲ್ಲಿ ಅವರ ಹೆಸರಿನ ಮ್ಯಾನೇಜ್‌ಮೆಂಟ್ ಕಾಲೇಜು ಉಂಟು. ಅವರು ಬೆಳೆಸಿದ ಬ್ಯಾಂಕಿನ ಹೆಸರು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಆಹಾರ ನಿಗಮ ಈಗಲೂ ಭತ್ತ, ಗೋಧಿ ಕೊಳ್ಳುತ್ತಾ ಇದೆ. ನಮ್ಮ ಕೋಣೆಯ ಗೋಡೆಯ ಮೇಲೆ ಈ ವಾರ ಇರುವುದು ಬೆಳ್ಳಿಹಬ್ಬದ ಶಾಮಿಯಾನದ ಮೂರು ದರಪಟ್ಟಿ. ಮೊನ್ನೆ ಸಂಜೆ ಆ ಅಕ್ಕ ಕ್ಯಾನು ಕೆಳಗಿಟ್ಟು, ಮೂರನ್ನೂ ನಿಂತು ಓದುತ್ತಿದ್ದರು.