ರಾಘವಾಂಕ: ಗುರುವನ್ನು ಮೀರಿದ ಶಿಷ್ಯ ಮತ್ತು ತರಗತಿಯ ಕಾವ್ಯ

ನಡುಗನ್ನಡ ಕಾವ್ಯದ ಮೊದಲ ಪರಿಚಯವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಮಾಡಿಕೊಟ್ಟ ಕೃತಿಗಳಲ್ಲಿ ರಾಘವಾಂಕನ ‘ಹರಿಶ್ಚಂದ್ರಕಾವ್ಯ’ಕ್ಕೆ ವಿಶೇಷ ಸ್ಥಾನವಿದೆ. ಪರಂಪರೆಯ ಪ್ರಕಾರ ಈ ಕಾವ್ಯವನ್ನು ಮೊದಲು ನಿರಾಕರಿಸಿದವನು ಕವಿಯ ಗುರುವೇ ಆಗಿದ್ದನು. ಗುರು ಒಪ್ಪದ ಕೃತಿ ಮುಂದಿನ ತಲೆಮಾರುಗಳ ಪಾಠವಾದ ಈ ಸಂಗತಿಯು ರಾಘವಾಂಕನ ಜೀವನವನ್ನು ಅರಿಯಲು ಮುಖ್ಯವಾದುದು.

ರಾಘವಾಂಕ ಹಂಪೆಯವನು. ತಂದೆ ಮಹಾದೇವಭಟ್ಟ, ತಾಯಿ ರುದ್ರಾಣಿ. ಅವನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿದ್ದರೂ ಹದಿಮೂರನೆಯ ಶತಮಾನದ ಮೊದಲ ಭಾಗವೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಅಂದಿನ ಹಂಪೆ ಇನ್ನೂ ಸಾಮ್ರಾಜ್ಯದ ರಾಜಧಾನಿಯಾಗಿರಲಿಲ್ಲ. ವಿಜಯನಗರದ ಸ್ಥಾಪನೆಯಾದದ್ದು 1336ರಲ್ಲಿ. ತುಂಗಭದ್ರೆಯ ದಂಡೆಯ ಈ ವಿರೂಪಾಕ್ಷ ಕ್ಷೇತ್ರದಲ್ಲಿ ಸೋದರಮಾವನಾದ ಹರಿಹರನೇ ಅವನಿಗೆ ಗುರುವಾದನು. ‘ಗಿರಿಜಾಕಲ್ಯಾಣ’ವನ್ನು ಚಂಪುವಿನಲ್ಲಿ ರಚಿಸಿ, ಬಳಿಕ ಶಿವಶರಣರ ಚರಿತೆಗಳನ್ನು ರಗಳೆಗಳಲ್ಲಿ ಹಾಡಿದ ಹರಿಹರನಿಗೆ ಮನುಷ್ಯರ ಸ್ತುತಿ ವರ್ಜ್ಯವಾಗಿದ್ದಿತು.

ರಾಘವಾಂಕನು ಆರಿಸಿಕೊಂಡದ್ದು ಒಬ್ಬ ಅರಸನ ಕಥೆಯನ್ನು. ಕಾವ್ಯವನ್ನು ಕಂಡು ಮುನಿದ ಹರಿಹರ ಶಿಷ್ಯನನ್ನು ಹೊಡೆದನೆಂದೂ, ಐದು ಹಲ್ಲುಗಳು ಉದುರಿದುವೆಂದೂ, ಶಿವಭಕ್ತಿಪರವಾದ ಐದು ಕೃತಿಗಳನ್ನು ರಚಿಸಿದ ಮೇಲೆ ಅವು ಮರಳಿ ಬಂದುವೆಂದೂ ಐತಿಹ್ಯವಿದೆ. ‘ಸೋಮನಾಥಚರಿತೆ’, ‘ಸಿದ್ಧರಾಮಚಾರಿತ್ರ’, ‘ವೀರೇಶಚರಿತೆ’, ‘ಶರಭಚಾರಿತ್ರ’, ‘ಹರಿಹರಮಹತ್ವ’ ಇವೇ ಆ ಐದು. ಕೊನೆಯ ಎರಡು ಇಂದು ಲಭ್ಯವಿಲ್ಲ. ಐತಿಹ್ಯದ ವಿವರಗಳನ್ನು ಯಥಾವತ್ತಾಗಿ ಚರಿತ್ರೆಯೆಂದು ಸ್ವೀಕರಿಸಲಾಗದು. ಆದರೆ ವಸ್ತುವಿನ ಆಯ್ಕೆಯಲ್ಲಿ ಗುರುಶಿಷ್ಯರ ನಡುವೆ ಇದ್ದ ನಿಜವಾದ ಭೇದವನ್ನು ಅದು ಜನರ ನೆನಪಿನಲ್ಲಿ ಉಳಿಸಿದೆ.

ಛಂದಸ್ಸಿನಲ್ಲಿಯೂ ಶಿಷ್ಯ ಬೇರೆ ದಾರಿ ಹಿಡಿದನು. ಷಟ್ಪದಿ ಅವನಿಗಿಂತ ಮೊದಲೇ ಲಕ್ಷಣಗ್ರಂಥದಲ್ಲಿ ಕಾಣಿಸಿಕೊಂಡಿದ್ದರೂ ದೀರ್ಘ ಕಥನಕ್ಕೆ ಅದನ್ನು ಪಳಗಿಸಿದ ಕೀರ್ತಿ ರಾಘವಾಂಕನದು. ಹರಿಶ್ಚಂದ್ರಕಾವ್ಯದ ವಾರ್ಧಕ ಷಟ್ಪದಿಯಲ್ಲಿ 1, 2, 4, 5ನೆಯ ಪಾದಗಳಿಗೆ ಐದು ಮಾತ್ರೆಯ ನಾಲ್ಕು ಗಣಗಳು. 3 ಮತ್ತು 6ನೆಯ ಪಾದಗಳಿಗೆ ಅಂಥ ಆರು ಗಣಗಳೂ ಕೊನೆಗೊಂದು ಗುರುವೂ ಬರುತ್ತವೆ. ವಾದ, ಬೈಗುಳ, ಅಳಲು ಎಲ್ಲವೂ ಈ ಲಯದಲ್ಲಿ ಸಲೀಸಾಗಿ ಹರಿಯುತ್ತವೆ. ತರಗತಿಯಲ್ಲಿ ಈ ಕಾವ್ಯವನ್ನು ಗಟ್ಟಿಯಾಗಿ ಓದಿ ಕೇಳಿಸಬೇಕಾದ ಅಗತ್ಯ ಇಲ್ಲಿಯೇ ಇದೆ. ಅರ್ಥ ಪೂರ್ತಿ ತಿಳಿಯುವ ಮುನ್ನವೇ ಪಾತ್ರದ ದನಿ ಕಿವಿಗೆ ಬೀಳುತ್ತದೆ.

ಓರುಗಲ್ಲಿನ ಆಸ್ಥಾನದಲ್ಲಿ ವಿದ್ವಾಂಸರನ್ನು ಗೆದ್ದನೆಂದೂ ಕೊನೆಯ ದಿನಗಳನ್ನು ಬೇಲೂರಿನಲ್ಲಿ ಕಳೆದನೆಂದೂ ಅವನ ಬಗ್ಗೆ ಪ್ರತೀತಿಯಿದೆ. ಕವಿಯ ಮರುಹುಟ್ಟು ಮಾತ್ರ ಇಪ್ಪತ್ತನೆಯ ಶತಮಾನದ ಶಿಕ್ಷಣದಲ್ಲಿ ಆಯಿತು. ಟಿ.ಎಸ್. ವೆಂಕಣ್ಣಯ್ಯ (1885–1939) ಮತ್ತು ಎ.ಆರ್. ಕೃಷ್ಣಶಾಸ್ತ್ರಿ (1890–1968) ಸಿದ್ಧಪಡಿಸಿದ ‘ಹರಿಶ್ಚಂದ್ರಕಾವ್ಯ ಸಂಗ್ರಹ’ವು ಕೃತಿಯನ್ನು ವಿದ್ಯಾರ್ಥಿಗಳ ಕೈಗೆ ನಿಲುಕುವಂತೆ ಮಾಡಿತು. ಪಠ್ಯಪುಸ್ತಕಗಳು ಅದರ ಭಾಗಗಳನ್ನು ಆಯ್ದುಕೊಂಡವು.

ಆಯ್ಕೆಯೊಂದಿಗೆ ಒಂದು ಅಪಾಯವೂ ಬಂದಿತು. ಹರಿಶ್ಚಂದ್ರನನ್ನು ಸತ್ಯದ ಮೂರ್ತಿಯೆಂದು ಮಾತ್ರ ತೋರಿಸಿದರೆ ಕಾವ್ಯ ನೀತಿಪಾಠದ ಮಟ್ಟಕ್ಕೆ ಇಳಿಯುತ್ತದೆ. ವಿಶ್ವಾಮಿತ್ರ ಸೃಷ್ಟಿಸಿ ಕಳುಹಿಸಿದ ಅನಾಮಿಕ ಕನ್ಯೆಯರನ್ನು ಅರಸನು ಕುಲದ ಕಾರಣದಿಂದ ವರಿಸಲೊಪ್ಪುವುದಿಲ್ಲ. ತಮ್ಮ ಹಾಡನ್ನು ಕೇಳಿದ ಕಿವಿಗೆ, ರೂಪವನ್ನು ಕಂಡ ಕಣ್ಣಿಗೆ ಇಲ್ಲದ ಮೈಲಿಗೆ ಸ್ಪರ್ಶಕ್ಕೆ ಮಾತ್ರ ಹೇಗೆ ಬಂದಿತೆಂದು ಅವರು ವಾದಿಸುತ್ತಾರೆ. ಅದೇ ಅರಸ ಮುಂದೆ ಕಾಶಿಯಲ್ಲಿ ಸುಡುಗಾಡಿನ ಒಡೆಯನಾದ ವೀರಬಾಹುವಿನ ಆಳಾಗುತ್ತಾನೆ. ಹಾವು ಕಚ್ಚಿ ಸತ್ತ ಮಗನ ಶವವನ್ನು ಹೊತ್ತು ಬಂದ ಚಂದ್ರಮತಿಯಿಂದಲೂ ಸುಂಕ ಕೇಳುತ್ತಾನೆ. ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಓದಿಸಿದಾಗ ಸತ್ಯದ ಜೊತೆಗೆ ಕುಲದ ಪ್ರಶ್ನೆಯೂ ವಿದ್ಯಾರ್ಥಿಯ ಮುಂದೆ ನಿಲ್ಲುತ್ತದೆ.

ರಾಘವಾಂಕ ತನ್ನ ಗುರುವಿನಿಂದ ಕಾವ್ಯವನ್ನು ಕಲಿತನು; ಯಾರನ್ನು ಕುರಿತು ಬರೆಯಬೇಕೆಂಬುದನ್ನು ತಾನೇ ನಿರ್ಧರಿಸಿದನು. ಅವನನ್ನು ಬೋಧಿಸುವ ತರಗತಿಯು ವಿದ್ಯಾರ್ಥಿಯ ಭಿನ್ನಮತಕ್ಕೂ ಎಡೆಗೊಟ್ಟಾಗಲೇ ಆ ಬೋಧನೆ ಕವಿಯ ಜೀವನಕ್ಕೆ ನಿಷ್ಠವಾಗುತ್ತದೆ.